ಲೈನ್ ಮನೆಯ ನಡುಗೋಡೆ

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳಲ್ಲಿ ನಮ್ಮ ಮಡಿಕೇರಿ ಕಡೆ ಬೆಂಕಿಪೊಟ್ಟಣವನ್ನು ಒಲೆ ಹತ್ತಿರವೇ ಇಟ್ಟುಕೊಳ್ಳಬೇಕು. ಇಲ್ಲಾಂದ್ರೆ ಹಸಿ ಹಿಡಿದು ಒಂದು ಕಡ್ಡಿಯೂ ಹತ್ತುವುದಿಲ್ಲ. ಹಾಗೆ ಹಾಳಾದ ಪೊಟ್ಟಣಗಳನ್ನು ನಾನು ಎಸೆಯುವುದಿಲ್ಲ, ಶಾಲೆಗೆ ತಗೊಂಡು ಹೋಗುತ್ತೇನೆ. ಗಣಿತದ ಮೇಷ್ಟ್ರಿಗೆ ಹತ್ತದ ಕಡ್ಡಿಯೇ ಒಳ್ಳೆಯದು.

ನೀವೂ ನಾಲ್ಕು ಕಡ್ಡಿ ತಗೊಂಡು ಒಂದು ಚೌಕ ಮಾಡಿ. ಅದರ ಬಲಗಡೆ ಅಂಟಿಕೊಂಡಂತೆ ಇನ್ನೊಂದು ಚೌಕ. ಒಂದು ಬದಿ ಆಗಲೇ ಇದೆ, ಹಾಗಾಗಿ ಮೂರೇ ಕಡ್ಡಿ ಸಾಕು. ಒಟ್ಟು 7. ಮೂರನೆಯ ಚೌಕಕ್ಕೆ 10, ನಾಲ್ಕನೆಯದಕ್ಕೆ 13. ಮುಂದೆ ಎಷ್ಟು ಅಂತ ಕೇಳಿದರೆ ಇಡೀ ತರಗತಿ 16 ಅಂತ ಕೂಗುತ್ತದೆ. ಸರಿ, ನೂರು ಚೌಕಕ್ಕೆ ಎಷ್ಟು ಕಡ್ಡಿ ಬೇಕು? ಈಗ ಶೀಟಿನ ಮೇಲೆ ಬೀಳುವ ಮಳೆ ಸದ್ದು ಮಾತ್ರ. ಹಿಂದಿನ ಬೆಂಚಿನಲ್ಲಿ ಒಬ್ಬ ಬೆರಳು ಮಡಚಿ ಮೂರು ಮೂರು ಕೂಡಿಸುತ್ತಾ ಹೊರಟಿರುತ್ತಾನೆ. ಪಾಪ, ಊಟದ ಬೆಲ್ಲಿನವರೆಗೂ ಅವನಿಗೆ ಕೆಲಸ.

ಮುಂದಿನದನ್ನು ಹೇಳೋಕೆ ಹಿಂದಿನದು ಗೊತ್ತಿದ್ದರೆ ಸಾಕು. ನೂರನೆಯದನ್ನು ಹೇಳೋಕೆ ಆ ಸಾಲು ಹೇಗೆ ಬೆಳೆಯುತ್ತಿದೆ ಅಂತ ಗೊತ್ತಿರಬೇಕು.

ಒಂದು ವರ್ಷ ಇದನ್ನು ಬಿಡಿಸಿದವಳು ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸದವರ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಯಿಂದ, ಬರುತ್ತಿದ್ದ ಹುಡುಗಿ. 'ಸಾರ್, ಇದು ನಮ್ಮ ಲೈನ್ ಥರಾನೇ ಇದೆ. ಒಂದೊಂದು ಮನೆಗೆ ನಾಲ್ಕು ಗೋಡೆ ಅಂದ್ರೆ ನೂರು ಮನೆಗೆ 400. ಆದ್ರೆ ನಡುಗೋಡೆ ಎರಡು ಮನೆಗೂ ಒಂದೇ ಅಲ್ವಾ? ಅಂಥವು 99. ಅಷ್ಟು ಕಳೀಬೇಕು.' 301. ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುವ ಆ ಗೋಡೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಬ್ಬ ಬೇರೆ ಥರ ನೋಡಿದ. ಮೊದಲು ಒಂದು ಕಡ್ಡಿ ನಿಲ್ಲಿಸಿಬಿಟ್ಟರೆ ಆಮೇಲೆ ಪ್ರತಿ ಚೌಕಕ್ಕೂ ಮೂರೇ. ಒಂದಕ್ಕೆ 300 ಸೇರಿಸಿದರೆ ಮತ್ತೆ 301. ಮೂರನೆಯವಳು ಮೇಲೆ 100, ಕೆಳಗೆ 100, ನಿಂತವು 101 ಅಂದಳು. ಅದೂ 301. ನೂರರ ಜಾಗದಲ್ಲಿ ಎನ್ ಅಂತ ಬರೆಯಿರಿ, ಮೂವರದೂ 3ಎನ್ + 1 ಆಗುತ್ತದೆ. ಬೀಜಗಣಿತ ಅಂದ್ರೆ ಜ್ವರ ಬರುವವರಿಗೂ ಅವತ್ತು ಜ್ವರ ಬರಲಿಲ್ಲ.

ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿ, ಅಂದರೆ ಒಂದೇ ಹೆಜ್ಜೆಯಲ್ಲಿ ಬೆಳೆಯುವ ಸಾಲು, ಬಂದಾಗ ಇದನ್ನೇ ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ ಅಂತ ಮಂತ್ರದ ಹಾಗೆ ಬಾಯಿಪಾಠ ಮಾಡಿಸುತ್ತಾರೆ. ಎ ಅಂದರೆ ಮೊದಲ ಸಂಖ್ಯೆ, ಡಿ ಅಂದರೆ ಹೆಜ್ಜೆ; ನಮ್ಮ ಕಡ್ಡಿಗೆ 4 ಮತ್ತು 3. ಪರೀಕ್ಷೆಯಲ್ಲಿ ಆ ಮೈನಸ್ ಒನ್ನೇ ಮರೆತುಹೋಗುತ್ತದೆ. ಬೇಲಿ ಹಾಕುವವರಿಗೆ ಅದು ಮರೆಯುವುದಿಲ್ಲ ನೋಡಿ. 100 ಅಡಿ ಬೇಲಿಗೆ 10 ಅಡಿಗೊಂದು ಕಂಬ ಅಂದರೆ ಅವರು ಹನ್ನೊಂದು ಕಂಬ ತರುತ್ತಾರೆ. ಕಂಬ ಹನ್ನೊಂದು, ಸಂದು ಹತ್ತು. ಮೊದಲ ಕಂಬ ನೆಟ್ಟಾಗ ಸಂದು ಇನ್ನೂ ಹುಟ್ಟಿರುವುದಿಲ್ಲ.

ಎಲ್ಲ ಸಾಲೂ ಹೀಗೆ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಕಿತ್ತಳೆ ರಾಶಿಯನ್ನೇ ತಗೊಳ್ಳಿ. ತುದಿಯಲ್ಲಿ ಒಂದು ಹಣ್ಣು, ಅದರ ಕೆಳಗೆ ಚೌಕವಾಗಿ 4, ಅದರ ಕೆಳಗೆ 9, ಆಮೇಲೆ 16. ಒಟ್ಟು ಹಣ್ಣು 1, 5, 14, 30 ಅಂತ ಏರುತ್ತದೆ. ಹತ್ತು ಸಾಲಿನ ರಾಶಿಗೆ ಎಷ್ಟು? ಹತ್ತು, ಅದಕ್ಕೊಂದು ಸೇರಿಸಿ ಹನ್ನೊಂದು, ಅವೆರಡನ್ನು ಕೂಡಿಸಿ ಇಪ್ಪತ್ತೊಂದು. ಮೂರನ್ನೂ ಗುಣಿಸಿ ಆರರಿಂದ ಭಾಗಿಸಿ. 385. ಈ ದಾರಿಯನ್ನು ಆರ್ಯಭಟ 499ನೇ ಇಸವಿ ಹೊತ್ತಿಗೇ ಆರ್ಯಭಟೀಯದ ಒಂದು ಶ್ಲೋಕದಲ್ಲಿ ಹೇಳಿದ್ದಾನೆ. ಆ ಮೊತ್ತಕ್ಕೆ ಅವನಿಟ್ಟ ಹೆಸರು ವರ್ಗಚಿತಿಘನ. ಚಿತಿ ಅಂದರೆ ಒಂದರ ಮೇಲೊಂದು ಜೋಡಿಸಿದ್ದು. ಅವನೂ ಯಾವುದೋ ರಾಶಿಯನ್ನೇ ಕಣ್ಣ ಮುಂದೆ ಇಟ್ಟುಕೊಂಡಿರಬೇಕು ಅಂತ ನನಗನಿಸುತ್ತದೆ.

ಇನ್ನು ನಾನು ಬಿದ್ದ ಗುಂಡಿಯ ಕಥೆ. ಕೆಲಸಕ್ಕೆ ಸೇರಿದ ಹೊಸತು. ಬೋರ್ಡಿನ ಮೇಲೆ ವೃತ್ತ ಬರೆದಿದ್ದೆ, ನೀವು ಅದನ್ನು ಅಕ್ಕಿ ರೊಟ್ಟಿ ಅಂದುಕೊಳ್ಳಿ. ಅಂಚಿನಲ್ಲಿ ಎರಡು ಚುಕ್ಕಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ನೇರವಾಗಿ ಚಾಕು ಎಳೆದರೆ 2 ತುಂಡು. ಮೂರು ಚುಕ್ಕಿ ಇಟ್ಟು ಎಲ್ಲದರಿಂದ ಎಲ್ಲದಕ್ಕೂ ಎಳೆದರೆ 4. ನಾಲ್ಕಕ್ಕೆ 8. ಐದಕ್ಕೆ 16. ಆರಕ್ಕೆ? ನಾನು ಎಣಿಸಲೇ ಇಲ್ಲ. 32 ಅಂತ ದೊಡ್ಡದಾಗಿ ಬರೆದೆ.

ಒಬ್ಬ ಹುಡುಗ ಎದ್ದು, 'ಸಾರ್, ನನಗೆ 31 ಬರ್ತಿದೆ' ಅಂದ. ಇನ್ನೊಂದ್ಸಲ ಎಣಿಸು ಅಂದೆ. 31. ಮತ್ತೆ ಎಣಿಸಿಸಿದೆ, ಅದೂ ಗದರಿಸಿಯೇ. 31. ಕೊನೆಗೆ ಅವನ ಪುಸ್ತಕ ಕಿತ್ತುಕೊಂಡು ಪೆನ್ಸಿಲಿನಲ್ಲಿ ಒಂದೊಂದು ತುಂಡಿಗೂ ಗುರುತು ಹಾಕುತ್ತಾ ಹೋದೆ. ಮೂವತ್ತೊಂದೇ.

ಅವತ್ತು ರಾತ್ರಿ ಕರೆಂಟಿರಲಿಲ್ಲ. ಲಾಟೀನು ಇಟ್ಟುಕೊಂಡು ಕೂತೆ. ದುಪ್ಪಟ್ಟು, ದುಪ್ಪಟ್ಟು ಅಂತ ಸಂಖ್ಯೆಗಳನ್ನೇ ನೋಡಿದ್ದೆ, ಚಾಕು ಏನು ಮಾಡುತ್ತಿದೆ ಅಂತ ನೋಡಿರಲಿಲ್ಲ. ಶುರುವಿನಲ್ಲಿ ರೊಟ್ಟಿ ಒಂದೇ ತುಂಡು. ಪ್ರತಿ ಗೆರೆಯೂ ಒಂದು ತುಂಡು ಹೆಚ್ಚಿಸುತ್ತದೆ. ಹಳೆಯ ಗೆರೆಯನ್ನು ದಾಟಿದ ಪ್ರತಿ ಕಡೆಯಲ್ಲೂ ಇನ್ನೊಂದು ಹೆಚ್ಚುತ್ತದೆ. ಆರು ಚುಕ್ಕಿಗೆ ಗೆರೆ 15. ದಾಟುವ ಜಾಗಗಳೂ 15, ಯಾಕಂದ್ರೆ ಯಾವ ನಾಲ್ಕು ಚುಕ್ಕಿ ಆರಿಸಿಕೊಂಡರೂ ಅವುಗಳ ನಡುವೆ ದಾಟು ಒಂದೇ, ಆರರಲ್ಲಿ ನಾಲ್ಕನ್ನು ಆರಿಸೋಕೆ 15 ದಾರಿ. ಒಂದು, ಹದಿನೈದು, ಹದಿನೈದು. ಏಳು ಚುಕ್ಕಿಗೆ 1, 21, 35. ಅಂದರೆ 57. ಅರವತ್ತನಾಲ್ಕರ ಹತ್ತಿರಕ್ಕೂ ಬರುವುದಿಲ್ಲ.

ಬೆಳಿಗ್ಗೆ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಅವನ ಕ್ಷಮೆಯನ್ನೂ ಕೇಳಿ ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ. ಅವನು ಮತ್ತೆ ಎದ್ದು ನಿಂತ. ಮನೆಯಲ್ಲಿ ಕೈವಾರ ಹಿಡಿದು ಆರು ಚುಕ್ಕಿಗಳನ್ನು ಸರಿಸಮ ದೂರಕ್ಕೆ ಇಟ್ಟು ಬಂದಿದ್ದ.

'ಸಾರ್, ಇವತ್ತು ಮೂವತ್ತೇ ಬಂತು.'

ಈ ಸಲ ನಾನು ಗದರಲಿಲ್ಲ. ಇಬ್ಬರೂ ಪುಸ್ತಕದ ಮೇಲೆ ಬಗ್ಗಿ ನೋಡಿದೆವು. ಮೂರು ಉದ್ದ ಗೆರೆಗಳು ನಟ್ಟನಡುವೆ ಒಂದೇ ಕಡೆ ಸೇರಿದ್ದವು. ನಿನ್ನೆ ಅಲ್ಲಿದ್ದ ಪುಟ್ಟ ತ್ರಿಕೋನ ಇವತ್ತು ಮುಚ್ಚಿಹೋಗಿತ್ತು.

ನಮಸ್ಕಾರ.