ತಲೆ ಸುತ್ತು, ಜೋಮು ಹಿಡಿದ ಕಾಲು

ಕೇಳುಗರಿಗೆ ನಮಸ್ಕಾರ.

ತಲೆ ಸುತ್ತುತ್ತದೆ ಅಂದರೆ ಸಾಕು, ನಮ್ಮಲ್ಲಿ ಮನೆಮಂದಿಯೆಲ್ಲ ಡಾಕ್ಟರಾಗುತ್ತಾರೆ. ಒಬ್ಬರು ಪಿತ್ತ ಅನ್ನುತ್ತಾರೆ, ಇನ್ನೊಬ್ಬರು ಬಿಪಿ. ಮೂರನೆಯವರು ನಿಂಬೆ ಶರಬತ್ತು ತಂದು ಕೈಗಿಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಬೆವರು, ಕೈನಡುಕದ ಜೊತೆ ತಲೆ ಸುತ್ತಿದರೆ ಶುಗರ್ ಇಳಿದಿರಬಹುದು. ಆಗ ಆ ಶರಬತ್ತೇ ಔಷಧಿ. ಆದರೆ ಎಲ್ಲ ಸುತ್ತೂ ಅದಲ್ಲ.

ನಾವು ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಕಾಲು. ಪಾದ ಎಲ್ಲಿದೆ, ನೆಲ ಗಟ್ಟಿಯೋ ಮೆತ್ತಗೋ ಅಂತ ಹೇಳುವುದು ಕಾಲಿನ ನರ. ಸಕ್ಕರೆ ಕಾಯಿಲೆ ಹಳೆಯದಾದರೆ ಈ ನರ ಬೆರಳ ತುದಿಯಿಂದ ಸೋಲುತ್ತಾ ಬರುತ್ತದೆ. ನನಗೂ ಹಾಗೇ ಆಗಿದೆ. ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿದರೂ ನನಗೆ ಗೊತ್ತಾಗುವುದಿಲ್ಲ, ಹಿಂದೆ ಬರುವವರು ಕೂಗಿ ಹೇಳಬೇಕು. ಅದಕ್ಕೇ ಈಗ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಇಂಥ ಕಾಲಿನ ಜೊತೆ ಕಿವಿಯೂ ಕೈಕೊಟ್ಟರೆ ಉಳಿಯುವುದು ಕಣ್ಣೊಂದೇ. ರಾತ್ರಿ ಕರೆಂಟ್ ಹೋದರೆ ಅದೂ ಇಲ್ಲ.

ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ವಾಲುತ್ತಾರಾ ಅಂತ ಡಾಕ್ಟರು ನೋಡುತ್ತಾರೆ. 19ನೇ ಶತಮಾನದ ಬರ್ಲಿನ್ ವೈದ್ಯ ರೋಂಬರ್ಗ್ ಅವರ ಹೆಸರಿನ ಪರೀಕ್ಷೆ ಅದು. ನಾವು ಅದನ್ನೇ ದಿನಾ ಬಚ್ಚಲುಮನೆಯಲ್ಲಿ ಮಾಡುತ್ತೇವೆ, ಅದೂ ಒದ್ದೆ ನೆಲದ ಮೇಲೆ. ಮುಖಕ್ಕೆ ಸೋಪು, ಕಣ್ಣು ಮುಚ್ಚಿದೆ, ಚೊಂಬಿಗಾಗಿ ಕೈ ತಡಕಾಡುತ್ತಿದೆ. ಮೇಲೆ ಬಿಸಿನೀರಿಗೆ ಬಿಪಿಯೂ ಸ್ವಲ್ಪ ಇಳಿದಿರುತ್ತದೆ. ಒಂದು ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡಿ. ಗೋಡೆಗೆ ಹಿಡಿಕೆ ಹಾಕಿಸಿ. ಮಕ್ಕಳು ಟಿವಿ ಕೊಡಿಸುತ್ತೇವೆ ಅಂದರೆ ಮೊದಲು ಇದನ್ನು ಕೇಳಿ!

ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಕ್ಕೆ ತಲೆ ಎತ್ತಿದಾಗ ಮನೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಅದು ಹೆಚ್ಚಾಗಿ ಕಿವಿಯ ಸುತ್ತು. ಒಳಕಿವಿಯಲ್ಲಿ ಸುಣ್ಣದಂಥ ಸಣ್ಣ ಹರಳುಗಳಿವೆ. ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರಿದರೆ ಹೀಗಾಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ಉಪಾಯವನ್ನು ಅಮೆರಿಕದ ಜಾನ್ ಎಪ್ಲಿ ಅವರು 1992ರಲ್ಲಿ ಪ್ರಕಟಿಸಿದರು. ಮಾತ್ರೆಯಿಲ್ಲ, ಕೆಲವೇ ನಿಮಿಷದ ಕೆಲಸ. ಯಾವ ಕಿವಿ ಅಂತ ಮೊದಲು ಇಎನ್‌ಟಿ ಡಾಕ್ಟರೇ ನೋಡಲಿ. ವಿಡಿಯೋ ನೋಡಿ ಸುಮ್ನೆ ಕುತ್ತಿಗೆ ತಿರುಗಿಸಬೇಡಿ.

ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದರೆ ಅದು ಬೇರೆ. ನಿಂತಾಗ ಬಿಪಿ ಇಳಿಯದಂತೆ ರಕ್ತನಾಳ ಬಿಗಿಹಿಡಿಯುವ ನರವೂ ಸೋತಿರಬಹುದು. ಮಲಗಿದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಇಳಿದರೆ ಕಾರಣ ಸಿಕ್ಕಿತು. ಕೂರಿಸಿ ಒಂದೇ ಸಲ ನೋಡಿ ‘ನಾರ್ಮಲ್’ ಅಂದರೆ ಒಪ್ಪಬೇಡಿ, ನಿಲ್ಲಿಸಿ ನೋಡಿ ಅಂತ ನೀವೇ ಕೇಳಿ. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ.

ಮಾತ್ರೆಗಳ ಚೀಲವನ್ನೂ ಡಾಕ್ಟರಿಗೆ ತೋರಿಸಿ. ಕಾಲಿನ ಉರಿಗೆ ಕೊಡುವ ಪ್ರಿಗ್ಯಾಬಲಿನ್, ಬಿಪಿ ಮಾತ್ರೆ, ಕೆಲವು ಪ್ರೋಸ್ಟೇಟ್ ಮಾತ್ರೆಗಳಿಂದಲೂ ತಲೆ ಸುತ್ತುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತಗೊಂಡವರಲ್ಲಿ ಬಿ12 ವಿಟಮಿನ್ ಇಳಿದು ನರ ಇನ್ನಷ್ಟು ಸೊರಗಬಹುದು. ಹಾಗಂತ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನೀವಾಗಿ ನುಂಗುವುದೂ ಸರಿಯಲ್ಲ. ಮೆದುಳು ತಾನಾಗಿ ಹೊಂದಿಕೊಳ್ಳುವುದನ್ನು ಕೆಲವು ಮಾತ್ರೆಗಳು ತಡಮಾಡುತ್ತವೆ.

ಇದ್ದಕ್ಕಿದ್ದಂತೆ ಸುತ್ತು ಬಂದು ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಒಂದು ಕಡೆಯ ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಶರಬತ್ತಿಗೆ ಕಾಯಬೇಡಿ. ಸ್ಟ್ರೋಕ್ ಇರಬಹುದು. 108ಕ್ಕೆ ಫೋನ್ ಮಾಡಿ.

ಇನ್ನು ಕೋಲು. ಹಿಡಿಯಲು ನಾಚಿಕೆ ಅಲ್ವಾ? ನನಗೂ ಇತ್ತು. ಆದರೆ ಈ ಕೋಲು ಭಾರ ಹೊರುವುದಕ್ಕಿಂತ ಸುದ್ದಿ ತರುವುದೇ ಜಾಸ್ತಿ. ಪಾದಕ್ಕೆ ತಿಳಿಯದ ನೆಲ ಅಂಗೈಗೆ ತಿಳಿಯುತ್ತದೆ. ಗೋಡೆಗೆ ಬೆರಳು ತಾಗಿಸಿಕೊಂಡು ನಡೆದರೂ ಓಲಾಟ ಕಡಿಮೆಯಾಗುತ್ತದೆ. ಕೋಲು ನಿಮ್ಮ ಎತ್ತರಕ್ಕೆ ಸರಿಯಾಗಿರಲಿ, ತುದಿಗೆ ರಬ್ಬರ್ ಇರಲಿ. ರಬ್ಬರ್ ಸವೆದರೆ ಕೂಡಲೇ ಬದಲಿಸಿ.

ನಮಸ್ಕಾರ.