ಎರಡು ತುದಿ ಸಿಕ್ಕರೆ ಸಾಕು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಡಿಪ್ಲೊಮಾ ಮಕ್ಕಳೇ ಜಾಸ್ತಿ ಇದ್ದೀರಿ, ಥೆವೆನಿನ್ ಪ್ರಮೇಯ ನಿಮಗೆ ಬಾಯಿಪಾಠ. ಪೂರ್ತಿ ಹೇಳಿಕೆ ಓದುವುದಿಲ್ಲ, ಸಾರ ಒಂದೇ ಸಾಲು: ಬ್ಯಾಟರಿ, ರೆಸಿಸ್ಟರ್‌ಗಳ ಜಾಲ ಎಷ್ಟೇ ಜಟಿಲವಾಗಿರಲಿ, ಎರಡು ತುದಿಯಿಂದ ನೋಡಿದರೆ ಅದು ಒಂದು ವೋಲ್ಟೇಜ್, ಅದಕ್ಕೆ ಸರಣಿಯಲ್ಲಿ ಒಂದು ರೆಸಿಸ್ಟರ್, ಅಷ್ಟೇ. ನನ್ನ ತಕರಾರು ಒಂದೇ: ಇದನ್ನು ಪರೀಕ್ಷೆಯ ಲೆಕ್ಕ ಮಾಡಿಬಿಟ್ಟಿದ್ದೇವೆ, ಮೀಟರ್ ಹಿಡಿದು ಅಳೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಬೋರ್ಡ್ ನೋಡಿ. 12 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ 6 ಕಿಲೊ ಓಮ್, ಆಮೇಲೆ 3 ಕಿಲೊ ಓಮ್, ಅದರ ಎರಡು ತುದಿ ನಮ್ಮ ಕೈಗೆ. ಲೋಡ್ ಇಲ್ಲದಾಗ, ಅಂದರೆ ಆ ತುದಿಗಳಿಗೆ ಏನೂ ಜೋಡಿಸದಿದ್ದಾಗ, 4 ವೋಲ್ಟ್. ಬ್ಯಾಟರಿ ತೆಗೆದು ಆ ಜಾಗ ಬರೀ ತಂತಿಯಿಂದ ಸೇರಿಸಿದರೆ (ಶಾರ್ಟ್ ಮಾಡಿದರೆ) 6 ಮತ್ತು 3 ಸಮಾಂತರ, ಅಂದರೆ 2 ಕಿಲೊ ಓಮ್. 4 ವೋಲ್ಟ್, 2 ಕಿಲೊ ಓಮ್, ಮುಗಿಯಿತು.

ಈಗ ಹೊಳಲ್ಕೆರೆ ಕಡೆಯ ಒಂದು ತೋಟದ ಮನೆಗೆ ಬನ್ನಿ. ನೀರು ಕಾಯಿಸಲು ಹೀಟರ್ ಹಾಕಿದರೆ ಬಲ್ಬು ಮಂಕಾಗುತ್ತಿತ್ತು. 'ನಮ್ಮೂರಲ್ಲಿ ಕರೆಂಟೇ ವೀಕು ಬಿಡಪ್ಪಾ' ಅಂತ ಅಜ್ಜ ತೀರ್ಮಾನ ಕೊಟ್ಟಾಗಿತ್ತು. ಏನೂ ಹಾಕದಿದ್ದಾಗ ಮೀಟರ್ 230 ತೋರಿಸಿತು. 2000 ವ್ಯಾಟ್ ಹೀಟರ್ ಹಾಕಿದ ಕೂಡಲೇ 206. ಹರಿದದ್ದು ಸುಮಾರು 8 ಆಂಪಿಯರ್, ಕುಸಿದದ್ದು 24 ವೋಲ್ಟ್, ಭಾಗಿಸಿ: 3 ಓಮ್. ಟ್ರಾನ್ಸ್‌ಫಾರ್ಮರ್, ಕಂಬಗಳು, ತಂತಿ, ಜಾಯಿಂಟು ಎಲ್ಲಾ ಸೇರಿ ಆ ಸಾಕೆಟ್‌ಗೆ ಒಂದು 230 ವೋಲ್ಟ್, ಒಂದು 3 ಓಮ್, ಅಷ್ಟೇ. ಯಾರೂ ಕಂಬ ಹತ್ತಿರಲಿಲ್ಲ! (ಎಸಿ ಆದ್ದರಿಂದ ರೆಸಿಸ್ಟೆನ್ಸ್ ಬದಲು ಇಂಪೀಡೆನ್ಸ್ ಅನ್ನಬೇಕು, ಸರಿ, ಆದರೆ ಹೀಟರ್ ಶುದ್ಧ ರೆಸಿಸ್ಟರ್, ಅಂದಾಜಿಗೆ ಧಾರಾಳ ಸಾಕು.) ಆ ದೂರದ ತಂತಿಗೆ 3 ಓಮ್ ಜಾಸ್ತಿಯೇ ಆಯಿತು ಅನ್ನಿಸಿ ಲೈನ್‌ಮ್ಯಾನ್‌ಗೆ ಹೇಳಿದೆವು. ಸರ್ವೀಸ್ ವೈರ್ ಕಂಬಕ್ಕೆ ಸೇರುವ ಜಾಯಿಂಟು ಕರಿ ಹಿಡಿದು ಸಡಿಲಾಗಿತ್ತು. ಉಜ್ಜಿ ಬಿಗಿದ ಮೇಲೆ ಅದೇ ಹೀಟರ್‌ಗೆ 222 ವೋಲ್ಟ್, ಅಂದರೆ ಹತ್ತಿರ ಹತ್ತಿರ 1 ಓಮ್. ಹೋದ 2 ಓಮ್ ಆ ಜಾಯಿಂಟಿನದು. 8 ಆಂಪಿಯರ್‌ಗೆ ಅದು 128 ವ್ಯಾಟ್ ಶಾಖ, ಬೆರಳು ಗಾತ್ರದ ಜಾಗದಲ್ಲಿ! ಕರಿ ಹಿಡಿಯದೆ ಇರುತ್ತದಾ?

ಒಳಗೆ ಕೈ ಹಾಕಲಾಗದವನಿಗೆ ಹುಟ್ಟಿದ ವಿಚಾರ ಇದು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ 1853ರಲ್ಲಿ ಇದನ್ನು ಹೇಳಿದಾಗ ಅವರ ತಲೆಯಲ್ಲಿದ್ದದ್ದು ಪ್ರಾಣಿಗಳ ಸ್ನಾಯುವಿನ ವಿದ್ಯುತ್ತು. ಸ್ನಾಯುವಿನೊಳಗೆ ಎಲ್ಲಿ ಪ್ರೋಬ್ ಇಡುತ್ತೀರಿ? ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಥೆವೆನಿನ್ 1883ರಲ್ಲಿ ತಾವೇ ಬೇರೆಯಾಗಿ ಕಂಡುಕೊಂಡರು. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಅಳೆಯಿರಿ.

ಮೊದಲ ಅಳತೆ ಲೋಡ್ ಇಲ್ಲದೆ, ಎರಡನೇ ಅಳತೆಗೆ ಲೋಡ್ ಹಾಕಿ, ಶಾರ್ಟ್ ಮಾತ್ರ ಮಾಡಬೇಡಿ. ಪುಸ್ತಕದಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅಂತ ಸಲೀಸಾಗಿ ಬರೆದಿರುತ್ತದೆ, ಆ ಮನೆಯಲ್ಲಿ ಜಾಯಿಂಟು ಬಿಗಿಯುವ ಮೊದಲೇ ಅದು 230 ಭಾಗಿಸು 3, ಅಂದರೆ 77 ಆಂಪಿಯರ್.

ಸಮಯ ಆಯಿತು ಅಂತ ಚೀಟಿ ಬಂತು. ಬೇಗ ಎರಡು ಮಾತು. ಈ ಸಮಾನತೆ ಹೊರಗಿನವರಿಗೆ ಮಾತ್ರ. ಬೋರ್ಡಿನ ಸರ್ಕ್ಯೂಟ್ ಲೋಡ್ ಇಲ್ಲದೆಯೂ 16 ಮಿಲಿವ್ಯಾಟ್ ಸುಡುತ್ತದೆ, ಥೆವೆನಿನ್ ರೂಪದಲ್ಲಿ ಸೊನ್ನೆ. ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತ ಅದರಿಂದ ಲೆಕ್ಕ ಹಾಕಬೇಡಿ. ಒಳಗೆ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಇದ್ದರೆ ಈ ನಿಯಮ ಹಾಗೇ ನಡೆಯುವುದಿಲ್ಲ. ಇದರ ಜೊತೆಗೇ ಬರುವ ನಾರ್ಟನ್ ಪ್ರಮೇಯ, ಗರಿಷ್ಠ ಪವರ್ ಪ್ರಮೇಯ ಎರಡೂ ಉಳಿದವು, ಚಹಾ ಕುಡಿಯುತ್ತಾ ಕೇಳಿ, ಹೇಳುತ್ತೇನೆ.