ಫೈಟಿಂಗ್ ಸಿನಿಮಾಕ್ಕೂ ವಾರಸುದಾರರಿದ್ದಾರೆ

ಮುಂಬೈ ಕನ್ನಡಿಗರಿಗೆಲ್ಲ ನಮಸ್ಕಾರ. ಹಳೇ ಫೈಟಿಂಗ್ ಸಿನಿಮಾ ಕೈಗೆ ಸಿಕ್ಕಿದ್ದೇ ತಡ, ಯೂಟ್ಯೂಬಿಗೆ ಏರಿಸಿಬಿಡುವ ಉತ್ಸಾಹಿಗಳು ನಮ್ಮಲ್ಲಿ ಬಹಳ. ಇವತ್ತಿನ ಮಾತು ಅವರಿಗೇ. ಹೇಳುವುದು ಇಷ್ಟೇ: ಚಿತ್ರ ಬಿಡುಗಡೆಯಾದ ಇಸವಿಗೆ 60 ಕೂಡಿಸಿ. ಆ ವರ್ಷ ಮುಗಿಯುವ ತನಕ ಅದರ ಕಾಪಿರೈಟಿಗೆ, ಅಂದರೆ ನಕಲು ಮಾಡುವ, ತೋರಿಸುವ ಹಕ್ಕಿಗೆ, ಒಡೆಯರಿದ್ದಾರೆ.

ಡೊಂಬಿವಲಿಯಿಂದ ಹೋಟೆಲ್ ಮಾಲೀಕರೊಬ್ಬರು ನನ್ನ ಆಫೀಸಿಗೆ ಬಂದಿದ್ದರು. ದಾರಾ ಸಿಂಗ್ ಎಂದರೆ ಪ್ರಾಣ. ಕೈಯಲ್ಲಿ 1985ರ ಒಂದು ಮಾರಾಮಾರಿ ಚಿತ್ರದ ಸಿಡಿ. “ವಕೀಲ್ರೇ, ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ. ಕಂಪನಿ ಮುಚ್ಚಿಹೋಯ್ತು. ಚೋರ್ ಬಜಾರಲ್ಲಿ ಇಪ್ಪತ್ತು ರೂಪಾಯಿಗೆ ಸಿಕ್ತು” ಎಂದರು. ಸಿಡಿ ಹಾಕಿದೆವು. ನೇರ ಮೊದಲ ಹೊಡೆದಾಟಕ್ಕೇ ಓಡಿಸಲು ಹೊರಟರು, ನಾನು ತಡೆದೆ. ಪರದೆಯ ಮೇಲೆ ಸೆನ್ಸಾರ್ ಸರ್ಟಿಫಿಕೇಟು. ಅದರಲ್ಲಿ ತಾರೀಕು, ರೀಲುಗಳ ಲೆಕ್ಕ, ನಿರ್ಮಾಪಕರ ಹೆಸರು. “ಇವರು ಯಾರು ಸ್ವಾಮಿ?” ಎಂದೆ. “ತೀರಿಕೊಂಡಿರಬೇಕು.” ತೀರಿಕೊಂಡರೆ ಮಕ್ಕಳಿರುತ್ತಾರೆ. ಮಕ್ಕಳು ಮಾರಿದ್ದರೆ ಕೊಂಡವರಿರುತ್ತಾರೆ! ಗಿರಗಾಂವ್ ಚಾಳಿನಲ್ಲಿ ವರ್ಷಗಟ್ಟಲೆ ಬೀಗ ಬಿದ್ದ ಖೋಲಿ ಕಂಡರೆ ನುಗ್ಗಿ ಸಂಸಾರ ಹೂಡುತ್ತೀರಾ? 1985ಕ್ಕೆ 60 ಕೂಡಿಸಿ, 2045. ಆ ಡಿಸೆಂಬರ್ 31ರ ತನಕ ಮುಟ್ಟುವ ಹಾಗಿಲ್ಲ. “ಅಷ್ಟೊತ್ತಿಗೆ ನಾನೇ ಇರಲ್ವಲ್ಲ” ಎಂದು ಗೊಣಗಿದರು. ಅದಕ್ಕೆ ಕಾನೂನು ಏನು ಮಾಡೀತು?

ಅವರ ಮುಖ ಅರಳಿದ್ದು ದಾರಾ ಸಿಂಗರ ‘ಕಿಂಗ್ ಕಾಂಗ್’ ಲೆಕ್ಕ ಹೇಳಿದಾಗ. 1962ರ ಚಿತ್ರ, 2022ಕ್ಕೆ ಅವಧಿ ತೀರಿತು. ನಮ್ಮ ಪರೇಲಿನ ವಾಡಿಯಾ ಮೂವಿಟೋನ್ 1935ರಲ್ಲಿ ತೆಗೆದ ‘ಹಂಟರ್‌ವಾಲಿ’, ಅದೇ ಸಾಹಸ ನಟಿ ನಾಡಿಯಾ ಚಾವಟಿ ಬೀಸಿದ್ದು, ಅದೂ ಎಂದೋ ಮುಕ್ತ. ಕಂಪನಿ ಮುಚ್ಚಿತು ಅಂತಲ್ಲ, ವರ್ಷ ಕಳೆದಿದೆ ಅಂತ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಪ್ರಿಂಟಿನ ಮೇಲೆ ಕಾಪಿರೈಟ್ ಗುರುತಿಲ್ಲ, ಹಾಗಾಗಿ ಬಿಟ್ಟಿ ಎನ್ನುವುದು 1989ಕ್ಕೆ ಮುಂಚಿನ ಅಮೆರಿಕದ ಕಥೆ. ಅಲ್ಲಿ ಆ ಸೂಚನೆ ಹಾಕದಿದ್ದರೆ ಹಕ್ಕೇ ಹೋಗಬಹುದಿತ್ತು. ನಮ್ಮ 1957ರ ಕಾಯ್ದೆಯಲ್ಲಿ ಗುರುತೂ ಬೇಡ, ನೋಂದಣಿಯೂ ಬೇಡ, ಹಕ್ಕು ತಾನಾಗಿ ಬರುತ್ತದೆ. ಇಸವಿ ನೋಡಿ, 60 ಕೂಡಿಸಿ, ಅಷ್ಟೇ.

ಹಾಂ, ಹಾಡು! ಸಾಹಿತ್ಯ, ಸಂಗೀತದ 60 ವರ್ಷ ಶುರುವಾಗುವುದು ಬರೆದವರು, ರಾಗ ಹಾಕಿದವರು ತೀರಿಕೊಂಡ ಮೇಲೆ. ಚಿತ್ರ ಮುಕ್ತವಾದರೂ ಅದರ ಹಾಡನ್ನು ಕತ್ತರಿಸಿ ನಿಮ್ಮ ರೀಲ್ಸಿಗೆ ಅಂಟಿಸುವ ಮುಂಚೆ ಆ ಲೆಕ್ಕವನ್ನೂ ಹಾಕಿಬಿಡಿ. ನಮಸ್ಕಾರ.